ವಾಡೆಯ ಕಮಾನಿಗೆ ಬೇಕಾದ ಮಾತು

ನಮ್ಮೂರಲ್ಲಿ ಯಾರಾದರೂ ಯಾರನ್ನಾದರೂ ಸುಮ್ಮಸುಮ್ಮನೆ ಹೊಗಳಿದರೆ ಪಕ್ಕದಲ್ಲಿದ್ದವರು ಮೊದಲು ಕೇಳುವುದು, "ಎಲ್ಲಿ ಗ್ವಾಡಿ ಕಟ್ಟಾಕತ್ತೀರಿ?" ಎಂದು. ಕಟ್ಟಲು ಗೋಡೆಯಿಲ್ಲದೆ ಹೊಗಳುವವನನ್ನು ನಾವು ದುಂದುಗಾರ ಎನ್ನುತ್ತೇವೆ. ನಮ್ಮೂರಿನ ಗಾರೆ ಬರೀ ಸುಣ್ಣ, ಮರಳು, ಬೆಲ್ಲದ ನೀರಿಗೆ ಗಟ್ಟಿಯಾಗುವಂಥದ್ದಲ್ಲ. ಹಸಿ ಗಾರೆಯ ಹತ್ತಿರ ಬಾಯಿ ತಂದು ಯಾರದಾದರೂ ಒಳ್ಳೆಯತನವನ್ನು ಮನಸಾರೆ ಹೇಳಬೇಕು. ಮನಸಾರೆ ಎಂದರೆ ಮನಸಾರೆಯೇ. ತೋರಿಕೆಗೆ ಹೇಳಿದರೆ ಅದು ಅಂಬಲಿಯ ಹಾಗೆ ತೆಳ್ಳಗೇ ಉಳಿಯುತ್ತದೆ. ಇನ್ನೊಂದು, ಒಂದು ಮಾತು ಒಂದೇ ಸಲ ನಡೆಯುತ್ತದೆ. ಒಂದು ಗೋಡೆ ಕೇಳಿದ ಮಾತನ್ನು ಮತ್ತೊಂದು ಗೋಡೆ ಮೂಸಿಯೂ ನೋಡುವುದಿಲ್ಲ. ಹಾಗಂತ ಹಳೆಯ ಗೋಡೆಗೆ ಕಿವಿ ಮುಚ್ಚಿಹೋಗಿರುತ್ತದೆ ಎಂದಲ್ಲ. ಎಷ್ಟೇ ವರ್ಷದ ಗೋಡೆಯಾಗಲಿ, ಹೊಸ ಒಳ್ಳೆಯ ಮಾತು ಬಿದ್ದರೆ ಇನ್ನಷ್ಟು ಬಿಗಿಯುತ್ತದೆ.

ಹೀಗಾಗಿ ನಮ್ಮವರೆಲ್ಲ ಹೊಗಳಿಕೆಯನ್ನು ಉಪ್ಪಿನಕಾಯಿಯಂತೆ ಭರಣಿಯಲ್ಲಿ ಮುಚ್ಚಿಡುವ ಜನ. ಸೊಸೆ ಮಾಡಿದ ಎಣಗಾಯಿಗೆ ಬೆರಳು ನೆಕ್ಕಿದ ಅತ್ತೆ, "ಉಪ್ಪು ಸಾಲಲಿಲ್ಲ" ಎಂದೇ ಏಳುತ್ತಾಳೆ. ಬರುವ ಬೇಸಿಗೆಯಲ್ಲಿ ಹಿತ್ತಲ ಗೋಡೆ ಎಬ್ಬಿಸಬೇಕಲ್ಲ! ಮಗ ತರಗತಿಗೇ ಮೊದಲಿಗನಾದರೆ ಅಪ್ಪ ತುಟಿ ಕಚ್ಚಿಕೊಂಡು ಹೊಲದ ಕಡೆ ನಡೆಯುತ್ತಾನೆ. ಹೊರಗಿನವರು ನಮ್ಮನ್ನು ಒರಟರು ಎನ್ನುತ್ತಾರೆ. ಅನ್ನಲಿ ಬಿಡಿ. ಗಾರೆ ಹಚ್ಚುವ ದಿನ ಬಂದು ನೋಡಿದರೆ ಅವರಿಗೂ ತಿಳಿದೀತು. ಇಡೀ ಬಳಗ ಗೋಡೆಗೆ ಮುಖ ಹಚ್ಚಿ ನಿಂತಿರುತ್ತದೆ. ಅತ್ತೆಯ ಬಾಯಿಂದ ಎಣಗಾಯಿಯ ವಿಷಯ ಹೊರಬಿದ್ದಾಗ, ಕಲ್ಲು ಹೊರುತ್ತಿದ್ದ ಸೊಸೆ ಬುಟ್ಟಿ ಇಳಿಸಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುತ್ತಾಳೆ.

ಇಂಥ ಊರಿನಲ್ಲಿ ದೇಸಾಯರ ದೊಡ್ಡ ಮನೆ, ಅಂದರೆ ವಾಡೆ, ಹೇಗೆ ಎದ್ದಿತು ಎಂಬುದೇ ಒಂದು ಸೋಜಿಗ. ಕಟ್ಟಿಸಿದ ಬರಮನಗೌಡ ದೇಸಾಯಿ ಎಂಥವನೆಂದರೆ, ಬಾವಿಯಿಂದ ನೀರು ಸೇದಿದವರ ಕೊಡ ಅರ್ಧ ಸುರುವಿಸಿ ಕಳಿಸುತ್ತಿದ್ದ. ಅವನಿಗೆ ಏಳು ಅಂಕಣದ ವಾಡೆ ಬೇಕಾಯಿತು. ಊರವರೆಲ್ಲ ಬಂದು ಗೋಡೆಗಳಿಗೆ ತನ್ನ ಗುಣಗಾನ ಮಾಡಬೇಕೆಂದು ಡಂಗುರ ಹೊಡೆಸಿ, ತಾನು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಹುಕ್ಕಾ ಎಳೆಯುತ್ತ ಕೂತ. ಜನ ಬಂದರು. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳುವುದು ಮೊದಲಿಂದಲೂ ಇದ್ದ ರೂಢಿ. ದೇಸಾಯಿಗೆ ಕೇಳಿಸಿದ್ದು ಬರೀ ಗುಜುಗುಜು. ಅದೆಲ್ಲ ತನ್ನದೇ ಹೊಗಳಿಕೆ ಎಂದು ಮೀಸೆ ತಿರುವಿದ. ಅವರು ನಿಜಕ್ಕೂ ಅವನನ್ನು ಹೊಗಳಿದ್ದರೆ ಗೋಡೆ ಮೊಣಕಾಲು ದಾಟುತ್ತಿರಲಿಲ್ಲ! ನಮ್ಮ ಅಜ್ಜಿಯಂದಿರು ಹೇಳುವುದೇ ಬೇರೆ. ಒಬ್ಬಳು ತುಂಬಿದ ಹಳ್ಳ ದಾಟಿ ಬಂದು ತನ್ನ ಹೆರಿಗೆ ಮಾಡಿಸಿದ ಸೂಲಗಿತ್ತಿಯನ್ನು ನೆನೆದಳಂತೆ. ಒಬ್ಬ ಬಿದ್ದ ಒಡೆಯನನ್ನು ತುಳಿಯದೆ ನೊಗ ಹೊತ್ತು ನಿಂತ ತನ್ನ ಎತ್ತನ್ನು ಕೊಂಡಾಡಿದನಂತೆ. ಹೀಗೆ ಹೆಸರಿಲ್ಲದವರ ಹೊಗಳಿಕೆಯಿಂದ ವಾಡೆ ತಲೆಮಾರುಗಟ್ಟಲೆ ನಿಂತಿತು. ತಾನು ಯಾರ ಪುಣ್ಯದ ನೆರಳಲ್ಲಿ ಮಲಗಿದ್ದೇನೆಂದು ದೇಸಾಯಿಗೆ ಸಾಯುವ ತನಕ ತಿಳಿಯಲಿಲ್ಲ. ಈ ಕಥೆ ನೆನೆದಾಗಲೆಲ್ಲ ನಮ್ಮ ಹಿರಿಯರ ಮೇಲೆ ನನಗೆ ಹೆಮ್ಮೆ ಉಕ್ಕುತ್ತದೆ.

ದೇಸಾಯರ ವಂಶ ಮುಗಿದು ವಾಡೆ ಊರಿನದಾಯಿತು, ಊರಿನದೆಂದರೆ ಬಾವಲಿಗಳದಾಯಿತು. ಮಾಡು ಸೋರಿತು, ಗೋಡೆಗಳಲ್ಲಿ ಅರಳಿ ಗಿಡ ಹುಟ್ಟಿತು. ಒಂದು ಮಳೆಗಾಲದಲ್ಲಿ ಪಡಸಾಲೆಯ ನಡುವಿನ ದೊಡ್ಡ ಕಮಾನು ಕುಸಿದು ಬಿತ್ತು. ಆಗ ಊರ ಪಂಚರ ಹಿರಿಯ ಅಂದಾನಪ್ಪನಿಗೆ ಎಚ್ಚರವಾಯಿತು. ಎರಡೂ ಬದಿಯ ಅಂಕಣಗಳ ಭಾರ ಹೊತ್ತಿದ್ದೇ ಆ ಕಮಾನು. ಅದಿಲ್ಲದೆ ಇನ್ನೊಂದು ಮಳೆಗಾಲ ಬಂದರೆ ವಾಡೆ ಪೂರ್ತಿ ಮಲಗುವುದು ಖಂಡಿತವಿತ್ತು. ವಾಡೆಯನ್ನು ಮೊದಲಿನಂತೆ ಮಾಡಿ, ಅದರ ತಣ್ಣನೆಯ ಕೋಣೆಗಳನ್ನು ಊರಿನ ಬಾಣಂತಿಯರಿಗೆ ಬಿಟ್ಟುಕೊಡುವುದೆಂದು ಪಂಚರು ಗೊತ್ತು ಮಾಡಿದರು. ಕೆಲಸಕ್ಕೆ ನಮ್ಮ ದುಂಡವ್ವನನ್ನು ಕರೆದರು.

ನಾನು ಶ್ಯಾವಿಗೆ ಹೊಸೆದು ಮಾರುವವಳು. ದುಂಡವ್ವ ನನ್ನ ನೆರೆಯವಳು. ನಮ್ಮಿಬ್ಬರ ಮನೆಗೆ ನಡುವೆ ಒಂದೇ ಗೋಡೆ. ಗಾರೆಯ ಕೆಲಸದಲ್ಲಿ ಅವಳನ್ನು ಮೀರಿಸುವವರು ಸುತ್ತಲ ಸೀಮೆಯಲ್ಲಿಲ್ಲ. ಆದರೆ ಬಡಗಿಯ ಮನೆಯ ಬಾಗಿಲು ಮುರುಕು ಎಂಬಂತೆ, ಊರಿಗೆಲ್ಲ ಮನೆ ಕಟ್ಟಿದವಳು ತಾನಿದ್ದದ್ದು ಅಂದಾನಪ್ಪನ ಹಳೆಯ ಬಾಡಿಗೆ ಮನೆಯಲ್ಲಿ. ಆ ಮನೆಯ ಮೇಲೆ ಅವಳಿಗೆ ಒಂದೇ ತಕರಾರು: ಅದರ ಗೋಡೆಗೆ ಮೊಳೆ ಹೋಗುವುದಿಲ್ಲ. ಹೊಡೆದ ಮೊಳೆಯೆಲ್ಲ ಕೊಕ್ಕೆಯಾಗಿ ಬಾಗುತ್ತದೆ. ನಡುವಿನ ಗೋಡೆಗೆ ನನ್ನ ಕಡೆಯಿಂದ ಹೊಡೆದರೂ ಅದೇ ಪಾಡು. ತಂದ ಕ್ಯಾಲೆಂಡರುಗಳೆಲ್ಲ ಸುರುಳಿ ಸುತ್ತಿಕೊಂಡು ಅವಳ ಗೂಡಿನಲ್ಲಿ ಕೂತಿದ್ದವು.

"ಬಾಡಿಗಿ ಮನೀ ಗ್ವಾಡಿಗೂ ನಮ್ಮ ಮ್ಯಾಲ ಸಿಟ್ಟು ನೋಡ್ ನೀಲಕ್ಕಾ," ಎನ್ನುತ್ತಿದ್ದಳು. "ನಮ್ಮ ಸ್ವಂತ ಮನಿ ಆಗಲಿ, ಗ್ವಾಡಿ ತುಂಬ ಮೊಳಿ ಬಡಿತೀನಿ."

ಸ್ವಂತ ಮನೆಯ ಆಸೆ ಎಲ್ಲರಿಗೂ ಇರುತ್ತದೆ. ದುಂಡವ್ವನ ಆಸೆಗೆ ಮಾತ್ರ ಬೇರೆಯೇ ಒಂದು ಬೇರಿತ್ತು. ಅವಳ ಗಂಡ ಹುಚ್ಚೀರಪ್ಪ ಪಾತ್ರೆಗಳಿಗೆ ಕಲಾಯಿ ಮಾಡುವವನು. ಅಡಿಗೆಮನೆಯ ಹಿಂದಿನ ಮೂಲೆಯೇ ಅವನ ಕುಲುಮೆ. ಬಾಯಿ ಬಿಟ್ಟರೆ ಮುತ್ತು ಉದುರೀತೆಂದು ಬಾಯಿ ಮುಚ್ಚಿಕೊಂಡೇ ಇರುವ ಆಸಾಮಿ. ಮದುವೆಯಾದ ಹೊಸತರಲ್ಲಿ ಒಮ್ಮೆ ಮಾತ್ರ ಹೆಂಡತಿಗೆ ಹೇಳಿದ್ದನಂತೆ, "ನಿನ್ನ ಬಗ್ಗೆ ನನ್ನ ಮನಸಿನ್ಯಾಗ ಏನೈತಿ ಅದನ್ನ ನಮ್ಮ ಸ್ವಂತ ಮನೀ ಗ್ವಾಡಿಗೇ ಹೇಳತೀನಿ. ಅಲ್ಲೀ ತನಕ ಕೇಳಬ್ಯಾಡ." ಅವಳು ಕೇಳಲಿಲ್ಲ. ವರ್ಷ ಉರುಳಿದವು, ಕೂದಲು ಬೆಳ್ಳಗಾದವು, ಮನೆಯಾಗಲಿಲ್ಲ. ಬರಬರುತ್ತ ಅವಳ ಮನಸ್ಸಿನಲ್ಲಿ ಒಂದು ಮುಳ್ಳು ಎದ್ದಿತು. ಗಂಡ ನಿಜವಾಗಿಯೂ ಮಾತು ಕೂಡಿಟ್ಟಿದ್ದಾನೋ, ಅಥವಾ ಕೂಡಿಡಲು ಅವನ ಹತ್ತಿರ ಏನೂ ಇರಲೇ ಇಲ್ಲವೋ? ಒಂದು ದಿನ ಶ್ಯಾವಿಗೆ ಒಣಹಾಕುತ್ತ ನನ್ನ ಮುಂದೆ ಇದನ್ನು ಹೇಳಿ ಬಹಳ ಅತ್ತಳು. ಹುಚ್ಚೀರಪ್ಪನ ದನಿ ನಾನು ಕೇಳುತ್ತಿದ್ದದ್ದು ಬೆಳಿಗ್ಗೆ ಮಾತ್ರ. ದುಂಡವ್ವ ಕೆಲಸಕ್ಕೆ ಹೊರಟ ಮೇಲೆ ಗೋಡೆಯಾಚೆ ತಿದಿಯ ಉಸಿರಿನ ಜೊತೆ ಏನೋ ಗುಣುಗುಣು. ಯಾವುದೋ ಮಂತ್ರವಿರಬೇಕು ಎಂದುಕೊಂಡಿದ್ದೆ.

ಹೀಗಿರುವಾಗ ಅಂದಾನಪ್ಪ ಹೇಳಿದ, "ಮಳಿ ಹತ್ತೂದ್ರಾಗ ವಾಡೇ ನಿಂದರಿಸಿ ಕೊಡು ದುಂಡವ್ವಾ. ಹಿಂದಿನ ಕುದರಿ ಲಾಯದ ಜಾಗಾ ನಿನಗ. ಮನಿ ಕಟ್ಟಿಕೋ. ನಿಂದರಲಿಲ್ಲಂದ್ರ ಜಾಗಾನೂ ಇಲ್ಲ, ನೋಡು." ದುಂಡವ್ವ ಹೂಂ ಎಂದಳು. ಲಾಯದ ಜಾಗ ಎಂದರೆ ಅವಳಿಗೆ ಗಂಡನ ಬಾಯಿಯ ಬೀಗದ ಕೈ.

ಆಮೇಲಿನ ಅವಳ ಕೆಲಸ ನೋಡಬೇಕಿತ್ತು! ಮೊದಲು ಅವಳು ಏನನ್ನೂ ಕೆಡವಲಿಲ್ಲ. ಕೆಲವು ದಿನ ಬರಿಗೈಯಲ್ಲಿ ಗೋಡೆಗಳನ್ನು ಸವರುತ್ತ ಓಡಾಡಿದಳು. ಬೆರಳಿನ ಗೆಣ್ಣಿನಿಂದ ತಟ್ಟಿ, ಗಟ್ಟಿಯಿದ್ದ ಕಡೆ ಸೀಮೆಸುಣ್ಣದ ಗುರುತು ಹಾಕಿ, "ಇದನ್ನ ಯಾರೂ ಮುಟ್ಟಬ್ಯಾಡ್ರಿ, ಇದು ಇನ್ನೂ ಯಾರನ್ನೋ ನೆನಸಾಕತ್ತೈತಿ" ಎಂದಳು. ಅರಳಿ ಗಿಡಗಳನ್ನು ಕಿತ್ತೆಸೆಯದೆ ಬೇರು ಸಮೇತ ಬಿಡಿಸಿ ಕೆರೆಯ ಏರಿಯ ಮೇಲೆ ನೆಡಿಸಿದಳು. ತೇಗದ ಕಂಬಗಳ ಮೇಲಿನ ಮಸಿಯನ್ನು ಹುಣಿಸೆ ನೀರಿನಲ್ಲಿ ತಿಕ್ಕಿಸಿ ಎಳ್ಳೆಣ್ಣೆ ಕುಡಿಸಿದಾಗ ಕೆತ್ತನೆಯ ಗಿಳಿಗಳು ಒಂದೊಂದಾಗಿ ಕಣ್ಣು ಬಿಟ್ಟವು. ಸುಣ್ಣದ ಗಾಣ ಮತ್ತೆ ತಿರುಗಿತು. ಬೇಲದ ಕಾಯಿಯ ಅಂಟು, ಅಳಲೆಕಾಯಿ, ಬೆಲ್ಲ ಕೊಳೆತ ಹುಳಿ ವಾಸನೆ ಓಣಿಯ ತುಂಬ. ಗೋಡೆಗೆ ಬಳಿದ ಹಳೆಯ ಗಿಲಾವು ಒಂದು ಕಡೆ ಹೆಕ್ಕಳಿಕೆಯಾಗಿ ಎದ್ದಾಗ ಅದರಡಿ ಹಿಂದಿನವರ ಹೆಬ್ಬೆರಳಿನ ಗುರುತುಗಳು ಸಿಕ್ಕವು. ಅವಳು ತನ್ನ ಹೆಬ್ಬೆರಳನ್ನು ಅವುಗಳಲ್ಲಿಟ್ಟು ನೋಡಿ, ಅಷ್ಟು ಜಾಗವನ್ನು ಮುಚ್ಚದೆ ಹಾಗೇ ಬಿಟ್ಟಳು.

ಊರು ತನ್ನ ಭರಣಿಗಳ ಮುಚ್ಚಳ ತೆಗೆಯಿತು. ಬರುವ ಬಾಣಂತಿಯರು ನಮ್ಮ ಮಕ್ಕಳೇ ತಾನೆ? ನಾನು ಪಡಸಾಲೆಯ ಕಂಬದ ಬುಡಕ್ಕೆ ನಮ್ಮತ್ತೆಯ ಮಾತು ಕೊಟ್ಟೆ. ನಾನು ಬಂಜೆ ಎಂದು ಜನ ಆಡಿಕೊಂಡಾಗ ಆಕೆ ಬೀದಿಗಿಳಿದು, "ಮಗಳು ಬೇಕಾಗಿತ್ತು, ಬಂದಾಳ, ಇನ್ನೇನ ಬೇಕ?" ಎಂದು ಗದರಿದ್ದಳು. ಅದನ್ನು ನಾನು ನನ್ನ ಅಟ್ಟಕ್ಕೆಂದು ಇಟ್ಟಿದ್ದೆ. ಇರಲಿ, ಅಟ್ಟವಿಲ್ಲದೆಯೂ ಬದುಕು ನಡೆದಿದೆ. ದಾಯಾದಿ ದಾಯಾದಿಯನ್ನು ಹೊಗಳಿದ, ಗಂಡಂದಿರು ಹೆಂಡಿರನ್ನು ಹೊಗಳಿದರು. ಓಣಿಯಲ್ಲಿ ಯಾರ ಮುಖ ನೋಡಿದರೂ ಎಣ್ಣೆ ನೀರು ಹಾಕಿಕೊಂಡವರಂತೆ ಹೊಳೆಯುತ್ತಿತ್ತು. ಹುಚ್ಚೀರಪ್ಪ ಮಾತ್ರ ಒಂದು ಮಾತೂ ಕೊಡಲಿಲ್ಲ. ದುಂಡವ್ವನೂ ಕೇಳಲಿಲ್ಲ. ಅವನದು ಅವರ ಮನೆಗೆಂದು ಮೀಸಲು.

ಕೊನೆಗೆ ಉಳಿದದ್ದು ದೊಡ್ಡ ಕಮಾನು. ಕೆಳಗೆ ಮರದ ಗೂಟಗಳ ಆಸರೆ ಕೊಟ್ಟು, ಕಲ್ಲುಗಳನ್ನು ಎರಡೂ ಕಡೆಯಿಂದ ಬಾಗಿಸಿ ತಂದು, ನೆತ್ತಿಯ ಬೀಗದ ಕಲ್ಲನ್ನು ಕೂರಿಸಿ ಗಾರೆ ತುಂಬಿದಳು. ಅಷ್ಟು ಹೊತ್ತಿಗೆ ಊರಿನ ಭರಣಿಗಳೆಲ್ಲ ತಳ ಕಂಡಿದ್ದವು. ಬಂದು ಹೇಳಿದವರೆಲ್ಲ ಹೇಳಿದ್ದನ್ನೇ ಹೇಳಿದರು. ಗಾರೆ ಕೇಳಲಿಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಅದೇ ವೇಳೆಗೆ ಆಸರೆಯ ಗೂಟಗಳಿಗೆ ಗೆದ್ದಲು ಹಿಡಿದದ್ದು ದುಂಡವ್ವನ ಕಣ್ಣಿಗೆ ಬಿತ್ತು. ಗೂಟ ಬದಲಿಸಲು ಹೋದರೆ ಹಸಿ ಕಮಾನು ಇಳಿದುಬಿಡುತ್ತಿತ್ತು. ಮಳೆ ಬಿದ್ದರೆ ಗೂಟಗಳೇ ಇಳಿಯುತ್ತಿದ್ದವು.

ಅಂದಾನಪ್ಪ ಪರವೂರಿನಿಂದ ಒಬ್ಬ ಹೊಗಳುಭಟ್ಟನನ್ನು ಕರೆಸಿದ. ಜರಿ ರುಮಾಲಿನ ಆ ಮಹರಾಯ ಏಣಿ ಹತ್ತಿ, ಯಾರನ್ನು ಹೊಗಳಲಿ ಎಂದು ಒಂದು ಮಾತೂ ಕೇಳದೆ, ಕರೆಸಿದ ಅಂದಾನಪ್ಪನನ್ನೇ ಕಲ್ಪವೃಕ್ಷ, ಕಾಮಧೇನು, ನಡೆದಾಡುವ ದೇವರು ಎಂದು ಏರುದನಿಯಲ್ಲಿ ಶುರು ಮಾಡಿದ. ಗಾರೆ ಇನ್ನಷ್ಟು ನೀರಾಗಿ ಅವನ ರುಮಾಲಿನ ಮೇಲೆ ತೊಟ್ಟಿಕ್ಕಿತು. ನಾವು ಬಿದ್ದು ಬಿದ್ದು ನಕ್ಕೆವು. ಅಂದಾನಪ್ಪನ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ದುಂಡವ್ವ ಮಾತ್ರ ನಗಲಿಲ್ಲ. ಗಾರೆ ಸವರುವ ಕರಣಿ ತೊಳೆದಿಟ್ಟು ಸೀದಾ ಮನೆಗೆ ನಡೆದಳು. ನಾನೂ ಹಿಂದೆಯೇ ಹೋದೆ.

ಹುಚ್ಚೀರಪ್ಪ ಒಂದು ಹಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದ. ಅವಳು ಎದುರಿಗೆ ಕೂತು ಕೇಳಿಯೇಬಿಟ್ಟಳು. "ನೀ ಇಟ್ಟೀನಿ ಅಂದಿದ್ದ ಮಾತು, ಐತೇನು?"

"ಐತಿ," ಎಂದ.

"ಕಮಾನಿಗೆ ಕೊಡ್ತೀ?"

ಅವನ ಕೈ ನಿಂತಿತು. "ಅದಕ ಕೊಟ್ರ ನಮ್ಮ ಮನಿಗೆ ಏನೂ ಉಳೀದಿಲ್ಲ, ದುಂಡೀ."

"ಕೊಡದಿದ್ರ ಮನಿಗೆ ಜಾಗಾನ ಉಳೀದಿಲ್ಲ," ಎಂದಳು. ಆಮೇಲೆ ದನಿ ಇಳಿಸಿ, "ಜಾಗಾ ಹಾಳಾಗಿ ಹೋಗಲಿ. ನಾ ಒಂದ ಸಲ ಕೇಳಬೇಕು. ಇಷ್ಟ ವರ್ಷ ಆತು," ಎಂದಳು. ಹುಚ್ಚೀರಪ್ಪ ಹಂಡೆಯನ್ನು ಕೆಳಗಿಟ್ಟು, ಕೈಯ ಮಸಿ ತೊಳೆದುಕೊಂಡು, ಬಟ್ಟೆ ತೂಗಲು ಖೂಟಿಯಿಲ್ಲದ ಗೋಡೆಯ ಬುಡದಲ್ಲಿ ಮಡಚಿಟ್ಟಿದ್ದ ಮದುವೆಯ ಅಂಗಿ ತೊಟ್ಟುಕೊಂಡ. ಅದು ಹೊಟ್ಟೆಯ ಹತ್ತಿರ ಗುಂಡಿ ಕೂಡಲಿಲ್ಲ.

ಸುದ್ದಿ ನಮಗಿಂತ ಮುಂಚೆ ವಾಡೆ ಮುಟ್ಟಿತ್ತು. ಮೂಕನಂಥ ಹುಚ್ಚೀರಪ್ಪ ಬಾಯಿ ಬಿಡುತ್ತಾನೆಂದರೆ ಯಾರು ಮನೆಯಲ್ಲಿ ಕೂತಾರು? ಅವನು ಏಣಿ ಹತ್ತಿ ಬೀಗದ ಕಲ್ಲಿಗೆ ಮುಖ ಹಚ್ಚಿದ. ಮೆಲ್ಲಗೆ ಹೇಳುವ ರೂಢಿಯನ್ನೂ ಮರೆತು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ನಮ್ಮಾಕಿ ಗ್ವಾಡಿ ಕಟ್ಟುವಾಗ ಇರಿವಿ ಸಾಲು ಬಂದ್ರ, ಕಟ್ಟಕಡೀ ಇರಿವಿ ದಾಟೂ ತನಕ ಕರಣಿ ಎತ್ತಿ ಹಿಡದು ನಿಂದರತಾಳ. ಊಟಕ್ಕ ಕುಂತ್ರ ಹರಕ ರೊಟ್ಟಿ ತನಗ, ಇಡೀದು ನನಗ. ಕೇಳಿದ್ರ ಹರಕಿಗೆ ರುಚಿ ಜಾಸ್ತಿ ಅಂತ ಸುಳ್ಳ ಹೇಳತಾಳ. ನನ್ನ ಕೈ ಸುಟ್ಟು ಹುಣ್ಣಾದಾಗ ನನ್ನ ಹೆಸರ ಕೆಡಬಾರದಂತ ಜನರ ಪಾತ್ರಿ ತಾನ ಕಲಾಯಿ ಮಾಡಿ, ನಾನ ಮಾಡೀನಂತ ಹೇಳಿ ಕೊಟ್ಟಾಳ. ಇಂಥಾಕಿ ನನ್ನ ಮನ್ಯಾಗ ಇರೂದು ನನ್ನ ಯೋಗ್ಯತಿಗೆ ಮೀರಿದ್ದು."

ಒಂದು ತಡೆಯಿಲ್ಲದೆ, ಹೊಳೆಯ ನೀರಿನಂತೆ ಹೇಳಿ ಮುಗಿಸಿದ. ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ದುಂಡವ್ವ ತಲೆ ತಗ್ಗಿಸಿ ನಿಂತಿದ್ದಳು. ಅಂದಾನಪ್ಪ ಏಣಿ ಹತ್ತಿ ಗಾರೆಗೆ ಉಗುರು ಒತ್ತಿ ನೋಡಿದ. ಉಗುರು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

ಎಲ್ಲರ ತಲೆಯಲ್ಲಿ ಒಂದೇ ವಿಚಾರ. ಇಷ್ಟು ಚೆಂದದ ಮಾತು, ಆದರೆ ಮನಸ್ಸಿನಿಂದ ಬಂದದ್ದಲ್ಲ. ಅಷ್ಟು ವರ್ಷ ಕಾದು ಕೇಳಿದ ಮಾತು ಸುಳ್ಳೆಂದು ಊರೆದುರಿಗೆ ಗಾರೆಯೇ ಹೇಳಿದ ಮೇಲೆ ಇನ್ನೇನು ಉಳಿಯಿತು? ದುಂಡವ್ವ ಯಾರ ಮುಖವನ್ನೂ ನೋಡದೆ ಬುಟ್ಟಿಗೆ ಸಾಮಾನು ತುಂಬತೊಡಗಿದಳು.

"ನಾ ಸುಳ್ಳ ಹೇಳಿಲ್ಲೋ ಯಪ್ಪಾ!" ಹುಚ್ಚೀರಪ್ಪ ಏಣಿಯ ಮೇಲೆಯೇ ಕೂಗಿದ. "ಒಂದ ಅಕ್ಷರ ಬಿಟ್ಟಿಲ್ಲ. ದಿನಾ ಹೇಳಿ ಹೇಳಿ ಬಾಯಿಪಾಠ ಮಾಡೀನಿ!"

ದುಂಡವ್ವನ ಕೈ ಬುಟ್ಟಿಯಲ್ಲೇ ನಿಂತಿತು. "ದಿನಾ? ಎಲ್ಲಿ ಹೇಳಿದಿ?"

"ಅಡಗೀಮನ್ಯಾಗ. ನೀ ಕೆಲಸಕ್ಕ ಹೋದ ಮ್ಯಾಲ. ನನಗ ಮಾತ ಬರೂದಿಲ್ಲ, ನಿನಗ ಗೊತ್ತೈತಿ. ನಮ್ಮ ಮನಿ ಆದಾಗ ಮರತ ನಿಂತೆ ಅಂದ್ರ ಹೆಂಗಂತ ಹೇಳಿ... ಹೊಸಾದೇನರ ಕಂಡ್ರ ಅದನ್ನೂ ಕೂಡಿಸಿ, ಮೊದಲಿಂದ ಎಲ್ಲಾ ಒಮ್ಮೆ..."

"ಅಯ್ಯ ನಿನ್ನ ಮಂತ್ರ ಸುಡಲಿ!" ಎಂದು ನಾನು ಚೀರಿದೆ. ಅಷ್ಟರಲ್ಲಿ ದುಂಡವ್ವನಿಗೆ ಎಲ್ಲ ಹೊಳೆದಿತ್ತು. ಮೊಳೆ ಬಾಗಿಸುವ ಗೋಡೆ. ಒಂದು ಸಲವೂ ಗಿಲಾವು ಉದುರದ ಆ ಬಾಡಿಗೆ ಮನೆಯ ಮಣ್ಣಿನ ಗೋಡೆ. ಊರಿನ ಗೋಡೆಗಳನ್ನೆಲ್ಲ ತಟ್ಟಿ ಗುಣ ಹೇಳುವವಳು ತನ್ನ ಬೆನ್ನ ಹಿಂದಿನ ಗೋಡೆಯನ್ನು ಒಮ್ಮೆಯೂ ತಟ್ಟಿ ನೋಡಿರಲಿಲ್ಲ. ಇವನು ನಿಮಿಷ ನಿಮಿಷ ಕೂಡಿಟ್ಟೆನೆಂದುಕೊಂಡದ್ದನ್ನು ಆ ಗೋಡೆ ದಿನ ದಿನ ಉಂಡು ಕೂತಿತ್ತು. ಅವಳು ಕಲ್ಲಿನ ರಾಶಿಯ ಮೇಲೆ ಕುಸಿದು ಕೂತು ನಕ್ಕಳು. ನಗುತ್ತ ನಗುತ್ತ ಅಳಲು ಶುರು ಮಾಡಿದಳು. ಎರಡಕ್ಕೂ ನಡುವೆ ಗೆರೆ ಎಲ್ಲಿತ್ತೆಂದು ಪಕ್ಕದಲ್ಲಿದ್ದ ನನಗೂ ಗೊತ್ತಾಗಲಿಲ್ಲ.

ಆಗ ಮೊದಲ ಹನಿ ಬಿತ್ತು. ಒಂದು ಗೂಟ ಕಿರ್ರೆಂದಿತು. ದುಂಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು. ಗಂಡನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಬೀಗದ ಕಲ್ಲನ್ನು ಎರಡೂ ಕೈಯಲ್ಲಿ ಮಗುವಿನ ಮುಖದಂತೆ ಹಿಡಿದು ಹೇಳಿದಳು.

"ಇದು ಈಗಿನ ತನಕ ನನಗ ಗೊತ್ತಿರದ ಮಾತು, ಕೇಳು. ನನ್ನ ಗಂಡ ನನ್ನನ್ನ ಹೊಗಳ್ಯಾನ. ಕೇಳಾಕ ಯಾರೂ ಇಲ್ಲದಾಗ ಹೊಗಳ್ಯಾನ, ನಾನೂ ಇಲ್ಲದಾಗ ಹೊಗಳ್ಯಾನ. ಮರತ ಹೋದೀತಂತ ಹೆದರಿ ದಿನಾ ನೆನಸ್ಯಾನ. ಮಂದಿ ಮುಂದ ಒಳ್ಳೇವರಾಗಿ ಇರಾವ್ರು ಬೇಕಾದಷ್ಟ ಮಂದಿ ಅದಾರ. ಬರೇ ಪಾತ್ರಿಗಳ ಮುಂದ ಇಂಥಾ ಗಂಡನಾಗಿ ಇದ್ದಾಂವ ಇಂವ ಒಬ್ಬನ."

ಅವಳ ಬಾಯಿಂದ ಕೊನೆಯ ಮಾತು ಬೀಳುವುದಕ್ಕೂ ಗೂಟ ಮುರಿಯುವುದಕ್ಕೂ ಸರಿಹೋಯಿತು. ನಾವೆಲ್ಲ ಹೋ ಎಂದು ಹಿಂದಕ್ಕೆ ಓಡಿದೆವು. ಗೂಟಗಳು ಒಂದರ ಮೇಲೊಂದು ಉರುಳಿದವು. ಧೂಳು ಇಳಿದ ಮೇಲೆ ನೋಡಿದರೆ ಕಮಾನು ನಿಂತಿತ್ತು. ಅದರ ಬದಿಗೆ ಏಣಿಯ ಮೇಲೆ ಗಂಡ ಹೆಂಡಿರಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು. ದುಂಡವ್ವ ಕರಣಿಯ ಹಿಡಿಯಿಂದ ಬೀಗದ ಕಲ್ಲಿಗೆ ಒಂದು ಪೆಟ್ಟು ಕೊಟ್ಟಳು. ಠಣ್ ಎಂದು ಏಳೂ ಅಂಕಣ ಮಾರ್ನುಡಿದವು.

ಆ ಮಳೆಗಾಲದಲ್ಲೇ ವಾಡೆಯಲ್ಲಿ ಮೊದಲ ತೊಟ್ಟಿಲು ಕಟ್ಟಿದರು. ಇವತ್ತಿಗೂ ಬಾಣಂತಿಯರು ಆ ಕಮಾನಿನ ಕೆಳಗೇ ಕೂತು ಬಿಸಿಲು ಕಾಯುತ್ತಾರೆ. ಅದನ್ನು ನೋಡಿದಾಗಲೆಲ್ಲ, ನಮ್ಮ ಹಿರಿಯರು ಕಟ್ಟಿದ್ದಕ್ಕೆ ನಮ್ಮವರು ಏನೂ ಕಡಿಮೆ ಮಾಡಲಿಲ್ಲ ಎನಿಸುತ್ತದೆ.

ಅಂದಾನಪ್ಪ ಮಾತಿಗೆ ತಪ್ಪುವವನಲ್ಲ. ಲಾಯದ ಜಾಗಕ್ಕೆ ಹಗ್ಗ ಹಿಡಿದು ಅಳೆದುಕೊಡಲು ತಾನೇ ಬಂದ. ದುಂಡವ್ವ ಹಗ್ಗವನ್ನು ಸುತ್ತಿ ಅವನ ಕೈಗೇ ಕೊಟ್ಟು, "ಆ ಜಾಗಾ ನೀವ ಇಟಗೋರಿ. ಅದರ ಬದಲಿ ನಾವಿರೂ ಮನಿ ನಮಗ ಕೊಡ್ರಿ," ಎಂದಳು.

"ಆ ಹಳೇ ಮಣ್ಣಿನ ಗೂಡು? ಊರ ನಡುವಿನ ಜಾಗಾ ಬಿಟ್ಟು? ತಲಿ ಸರಿ ಐತೇನವಾ?"

"ಅಂಥಾ ಗ್ವಾಡಿ ಇನ್ನೊಂದ ಕಟ್ಟಾಕ ನನ್ನ ಕೈಲೆ ಆಗೂದಿಲ್ರಿ," ಎಂದಳು, ಊರಿಗೆ ವಾಡೆ ನಿಲ್ಲಿಸಿ ಕೊಟ್ಟ ನಮ್ಮ ದುಂಡವ್ವ. ಅಂದಾನಪ್ಪ ಲಾಭವಾಯಿತೆಂದು ಓಡಿದ.

ಈಗ ಬೆಳಿಗ್ಗೆ ಅವಳು ಕೆಲಸಕ್ಕೆ ಸ್ವಲ್ಪ ತಡವಾಗಿ ಹೋಗುತ್ತಾಳೆ. ಗೋಡೆಯಾಚೆಯ ಗುಣುಗುಣು ಎರಡು ದನಿಯಲ್ಲಿ ಕೇಳುತ್ತದೆ. ಕ್ಯಾಲೆಂಡರುಗಳು ಗೂಡಿನಲ್ಲಿ ಸುರುಳಿಯಾಗಿಯೇ ಇವೆ. ಹಬ್ಬ ಹುಣ್ಣಿಮೆ ಎಂದೆಂದು ತಿಳಿಯಲು ಇಬ್ಬರೂ ನಮ್ಮ ಮನೆಗೇ ಬರುತ್ತಾರೆ. ನಾನು ನಡುವಿನ ಗೋಡೆ ಬಿಟ್ಟು ಎದುರು ಗೋಡೆಗೆ ಕ್ಯಾಲೆಂಡರು ತೂಗುಹಾಕಿದ್ದೇನೆ, ಅಲ್ಲಿ ಮೊಳೆ ಇನ್ನೂ ಸಲೀಸಾಗಿ ಇಳಿಯುತ್ತದೆ.